ಸಮುದಾಯ ಕಾಲೇಜಿನ ಮುಂದಿನ ಕಾರ್ಯಕ್ರಮಗಳು: ಕರಡು ಪಟ್ಟಿ ಇಲ್ಲಿದೆ, ದಿನ ಸರಿ ಇದೆಯಾ ನೋಡಿ ಹೇಳಿ

ಸಂಯೋಜಕಿ_ಕಾರವಾರ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಸಮುದಾಯ ಕಾಲೇಜು ವಿಭಾಗದಿಂದ ಜನವರಿಯಿಂದ ಜುಲೈವರೆಗೆ ನಡೆಸುವ ತರಬೇತಿಗಳ ಕರಡು ತಯಾರಾಗಿದೆ. ಪ್ರಾಂಶುಪಾಲರ ಸಹಿಗೆ ಕಳಿಸುವ ಮೊದಲು ಇಲ್ಲಿ ಹಾಕ್ತಾ ಇದ್ದೇನೆ, ಏಕೆಂದರೆ ಇಲ್ಲಿ ದೋಣಿಯವರೂ ಇದ್ದೀರಿ, ತೋಟದವರೂ ಇದ್ದೀರಿ.

ಜನವರಿ ಮೊದಲ ವಾರ ನೀಲಿಕಲ್ಲು (ಹಗ್ಗಕ್ಕೆ ಕಟ್ಟಿ ಬೆಳೆಸುವ, ತಿನ್ನುವ ಚಿಪ್ಪುಜೀವಿ) ಕೃಷಿ, ಹಗ್ಗಕ್ಕೆ ಮರಿ ಕಟ್ಟುವ ಪ್ರಾತ್ಯಕ್ಷಿಕೆ, ಬೆಳಿಗ್ಗೆ 10 ಗಂಟೆಗೆ ಕಾಳಿ ನದಿ ದಂಡೆಯಲ್ಲಿ. ಫೆಬ್ರವರಿ ಕೊನೆಗೆ ಶಿರಸಿ, ಸಿದ್ದಾಪುರ ಕಡೆಯವರಿಗೆ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ, ಮದ್ದು ಹೊಡೆಯುವ ಉದ್ದ ಕೋಲು) ತರಬೇತಿ, ಮೂರು ದಿನ, ನಮ್ಮ ಕಾಲೇಜು ಮೈದಾನದಲ್ಲಿ. ಮಾರ್ಚ್ ಎರಡನೇ ವಾರ ಉದ್ಯೋಗ ಮೇಳ. ಜೂನ್ ಎರಡನೇ ವಾರ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿ ಹೊರಗೆ ಕಟ್ಟುವ ಇಂಜಿನ್) ರಿಪೇರಿ ಶಿಬಿರ, ಐದು ದಿನ (ಮೀನುಗಾರಿಕೆ ನಿಷೇಧದ ಸಮಯ, ಎಲ್ಲರೂ ಖಾಲಿ ಇರ್ತಾರೆ ಅಂತ). ಜೂನ್ ಕೊನೆಗೆ ಬೋರ್ಡೋ ದ್ರಾವಣ (ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು) ತಯಾರಿ. ಜುಲೈನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವುದು.

ನಮ್ಮ ಕಷ್ಟ ಏನೆಂದರೆ ಅರ್ಜಿ ಬೇಕಾದಷ್ಟು ಬರ್ತದೆ, ತರಬೇತಿ ದಿನ ಜನ ಬರೂದಿಲ್ಲ. ವಿಷಯ ತಪ್ಪಾ, ದಿನ ತಪ್ಪಾ? ನೇರವಾಗಿ ಹೇಳಿ.

ಬೈತಖೋಲ_ಬಂದರ
ವಿಷಯ ಎಲ್ಲಾ ಚೆನ್ನಾಗಿದೆ ಮೇಡಂ. ದಿನ ಒಂದೂ ಸರಿ ಇಲ್ಲ.

ಸುಂಕೇರಿ_ದಂಡೆ
ನೀಲಿಕಲ್ಲಿನದು ನಾನು ಹೇಳ್ತೇನೆ. ಜನವರಿಯಲ್ಲಿ ಮರಿ ಕಟ್ಟೂದು ಅಂದ್ರೆ ತಡ ಆಯ್ತು. ಮಳೆಗಾಲ ಮುಗಿದ ಮೇಲೆ ಬಂಡೆಗಳ ಮೇಲೆ ಮರಿ ಕೂರ್ತದೆ, ನವೆಂಬರ್ ಡಿಸೆಂಬರ್ ಹೊತ್ತಿಗೆ 20ರಿಂದ 35 ಮಿ.ಮೀ. ಆಗಿರ್ತದೆ. ಕಟ್ಟಬೇಕಾದ್ದು ಆಗಲೇ. ಅಲ್ಲಿಂದ ನಾಲ್ಕೈದು ತಿಂಗಳು ಬೆಳೆಸಿ, ಮಳೆ ಬೀಳುವ ಮೊದಲು, ಅಂದ್ರೆ ಮೇ ಒಳಗೆ ಕೊಯ್ದು ಮುಗಿಸಬೇಕು. ಒಮ್ಮೆ ಮಳೆ ಜೋರಾಯ್ತು ಅಂದ್ರೆ, ಮೇಲಿಂದ ಕದ್ರಾ ಅಣೆಕಟ್ಟಿನ ನೀರೂ ಬಿಟ್ರೆ, ಹೊಳೆಯ ಉಪ್ಪು ಒಂದೇ ಸಮ ಇಳೀತದೆ, ಹಗ್ಗದಲ್ಲಿದ್ದದ್ದು ಬಾಯಿ ಬಿಟ್ಟು ಸಾಯ್ತದೆ. ಜನವರಿಯಲ್ಲಿ ಕಟ್ಟಿದವನಿಗೆ ಮಾರೂಕೆ ಸಿಗೂದು ಅರ್ಧ ಬೆಳೆದ ಸರಕು.

ಕಟ್ಟುವ ರೀತಿ: 12ರಿಂದ 14 ಮಿ.ಮೀ. ನೈಲಾನ್ ಹಗ್ಗ, ಮೀಟರ್‌ಗೆ 500ರಿಂದ 750 ಗ್ರಾಂ ಮರಿ. ಮರಿಯನ್ನು ಹಗ್ಗದ ಸುತ್ತ ಸಮನಾಗಿ ಹರಡಿ ಮೇಲಿಂದ ಹತ್ತಿಯ ಸೊಳ್ಳೆಪರದೆ ಬಟ್ಟೆ ಸುತ್ತಿ ಹೊಲೀಬೇಕು. ಹತ್ತಿಯದೇ ಬೇಕು. ಅದು ಕೆಲವು ದಿನದಲ್ಲಿ ನೀರಲ್ಲಿ ಕೊಳೆತು ಬಿದ್ದುಹೋಗ್ತದೆ, ಅಷ್ಟರಲ್ಲಿ ಮರಿ ತನ್ನ ನೂಲು ಬಿಟ್ಟು ಹಗ್ಗಕ್ಕೆ ಅಂಟಿರ್ತದೆ. ಪೇಟೆಯಲ್ಲಿ ಈಗ ಸಿಗೂದು ಹೆಚ್ಚಾಗಿ ನೈಲಾನ್ ಬಲೆ ಬಟ್ಟೆ, ಅದು ಕೊಳೆಯೂದಿಲ್ಲ, ಒಳಗೇ ಮರಿ ಉಸಿರುಗಟ್ಟಿ ಕುಂತಿರ್ತದೆ. ಖರೀದಿ ಮಾಡುವಾಗ ಒಂದು ಎಳೆ ಸುಟ್ಟು ನೋಡಿ: ಬೂದಿ ಆದ್ರೆ ಹತ್ತಿ, ಉಂಡೆ ಕಟ್ಟಿದ್ರೆ ಬೇಡ.

ಸುಂಕೇರಿ_ದಂಡೆ
ಇನ್ನೊಂದು. "ಬೆಳಿಗ್ಗೆ 10 ಗಂಟೆಗೆ" ಅಂತ ಹಾಕ್ಬೇಡಿ. ಹೊಳೆಯಲ್ಲಿ ಹಗ್ಗ ತೂಗುಬಿಡುವ ಚಪ್ಪರ ತೋರಿಸೂಕೆ ಇಳಿತ ಬೇಕು. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ. ಕಾರವಾರದ ಭರತದ ಪಟ್ಟಿ ನೋಡಿ, ಇಳಿತಕ್ಕೆ ಒಂದು ಗಂಟೆ ಮೊದಲು ಶುರು ಮಾಡಿ. ಅದು 7 ಗಂಟೆಗೆ ಬಂದ್ರೆ 6ಕ್ಕೇ ಶುರು.

ಅಧ್ಯಾಪಕ_ಕುಮಟಾ
ಒಪ್ಪಿದೆ, ಆದರೆ ಜನವರಿಯ ದಿನವನ್ನು ತೆಗೆಯಬೇಕಾಗಿಲ್ಲ. ಮರಿ ಕಟ್ಟುವುದನ್ನು ನವೆಂಬರ್ ಕೊನೆಗೆ ಹಾಕಿ, ಜನವರಿಯಲ್ಲಿ ಅದೇ ಗುಂಪನ್ನು ಮತ್ತೆ ಕರೆದು ಹಗ್ಗ ಎತ್ತಿ ತೋರಿಸಿ. ಆಗ ಕಲಿಯಬೇಕಾದದ್ದು ಬೇರೆಯೇ ಇರುತ್ತದೆ: ದಟ್ಟವಾಗಿ ಬೆಳೆದಲ್ಲಿ ತೆಳುವು ಮಾಡುವುದು, ಪಾಚಿ ಮತ್ತು ಬಾರ್ನಕಲ್ ಕೆರೆಯುವುದು, ಹಗ್ಗದ ತುದಿ ಕೆಸರಿಗೆ ತಾಗದಂತೆ ಎತ್ತಿ ಕಟ್ಟುವುದು. ತುದಿ ನೆಲಕ್ಕೆ ತಾಗಿದರೆ ಏಡಿ ಅದೇ ಹಗ್ಗ ಹತ್ತಿ ಬರುತ್ತದೆ. ಮೂರನೆಯ ಸಲ ಏಪ್ರಿಲ್‌ನಲ್ಲಿ ಕೊಯ್ಲು ಮತ್ತು ಶುದ್ಧೀಕರಣ: ಸ್ವಚ್ಛ ಸಮುದ್ರದ ನೀರಿನಲ್ಲಿ 24 ಗಂಟೆ ಇಟ್ಟರೆ ಹೊಟ್ಟೆಯ ಮರಳು ಕೆಸರು ಹೋಗುತ್ತದೆ. ಒಂದು ದಿನದ ಪ್ರಾತ್ಯಕ್ಷಿಕೆಯಿಂದ ಯಾರೂ ನೀಲಿಕಲ್ಲು ಬೆಳೆಯುವುದಿಲ್ಲ. ಮೂರು ಅರ್ಧ ದಿನ ಮಾಡಿದರೆ ಬೆಳೆಯುತ್ತಾರೆ.

ಬೈತಖೋಲ_ಬಂದರ
ಈಗ ಇಂಜಿನ್ ಶಿಬಿರ. ಜೂನ್‌ನಲ್ಲಿ "ಎಲ್ಲರೂ ಖಾಲಿ" ಅಂತ ಯಾರು ಹೇಳಿದ್ರು? ಜೂನ್ 1ರಿಂದ ಜುಲೈ 31, 61 ದಿನ ನಿಷೇಧ ಇರೂದು ಯಾಂತ್ರೀಕೃತ ದೋಣಿಗಳಿಗೆ. ಟ್ರಾಲರ್, ಪರ್ಸೀನ್ (ಸುತ್ತುಬಲೆ ದೋಣಿ). ಅವಕ್ಕೆ ಇರೂದು ಒಳಗಿನ ಡೀಸೆಲ್ ಇಂಜಿನ್, ಔಟ್‌ಬೋರ್ಡ್ ಅಲ್ಲ. ಔಟ್‌ಬೋರ್ಡ್ ಇರೂದು ನಾಡದೋಣಿಗೆ. 10 ಅಶ್ವಶಕ್ತಿವರೆಗಿನ ಇಂಜಿನ್ ಇದ್ದ ನಾಡದೋಣಿಗೆ ನಮ್ಮ ರಾಜ್ಯದಲ್ಲಿ ನಿಷೇಧ ಇಲ್ಲ. ಮಳೆಗಾಲದಲ್ಲಿ ಕಡಲು ಸ್ವಲ್ಪ ತಣ್ಣಗಾದ್ರೆ ಸಾಕು, ಅವರು ಹೊರಟೇ ಬಿಡ್ತಾರೆ. ಆಗ ಬಂದರಕ್ಕೆ ಬೇರೆ ಮೀನು ಬರೂದಿಲ್ಲ, ಇವರ ಮೀನಿಗೇ ರೇಟು. ಅಂಥ ದಿನ ಇಂಜಿನ್ ಬಿಚ್ಚಿ ಕಾಲೇಜಿಗೆ ತರೂಕೆ ಯಾರಿಗೂ ಆಗೂದಿಲ್ಲ.

ಹೊನ್ನಾವರ_ಶರಾವತಿ
ಹಾಗಂತ ಜೂನ್ ಪೂರ್ತಿ ಅವರು ಕಡಲಲ್ಲೇ ಇರ್ತಾರಾ? ತೂಫಾನ್ ಇದ್ದಾಗ ವಾರಗಟ್ಟಲೆ ದೋಣಿ ದಡದಲ್ಲೇ ಇರ್ತದೆ.

ಬೈತಖೋಲ_ಬಂದರ
ಇರ್ತದೆ. ಆದ್ರೆ ಯಾವ ವಾರ ಅಂತ ಎರಡು ತಿಂಗಳು ಮೊದಲೇ ಕಾಲೇಜಿನವರು ನೋಟಿಸು ಹಾಕೂಕೆ ಆಗ್ತದಾ? ಮಳೆಗಾಲಕ್ಕೆ ಇಂಜಿನ್ ತಯಾರು ಮಾಡಿಕೊಳ್ಳೂದು ಮೇ ತಿಂಗಳಲ್ಲಿ. ಶಿಬಿರ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಇಡಿ. ತಮ್ಮ ಇಂಜಿನ್ನೇ ಹೊತ್ತು ತರ್ತಾರೆ, ಬೇಕಾದ್ರೆ ಬರೆದಿಟ್ಟುಕೊಳ್ಳಿ.

ತದಡಿ_ಹುಡುಗ
ಟ್ರಾಲರ್ ಕಡೆಯವರಿಗೂ ಜೂನ್ ಸರಿ ಬರೂದಿಲ್ಲ ಅಣ್ಣ, ಖಲಾಸಿಗಳಲ್ಲಿ (ದೋಣಿ ಕೆಲಸಗಾರರು) ಹೊರ ರಾಜ್ಯದವರೇ ಜಾಸ್ತಿ, ಬಂದ್ ಆದ ಕೂಡಲೇ ಊರಿಗೆ ಹೋಗ್ತಾರೆ.

ಬೈತಖೋಲ_ಬಂದರ
ಖಲಾಸಿಗಳು ಹೋಗ್ತಾರೆ ತಮ್ಮಾ, ತಾಂಡೇಲರು (ದೋಣಿ ನಡೆಸುವವರು), ಮಾಲೀಕರು ಊರಲ್ಲೇ ಇರ್ತಾರೆ. ಅವರಿಗೆ ಜೂನ್‌ನಲ್ಲಿ ಬೇಕಾದ್ದು ಬೇರೆ: ಡೀಸೆಲ್ ಇಂಜಿನ್ ಸರ್ವಿಸು, ವಿಂಚ್, ಜಿಪಿಎಸ್, ಎಕೋ ಸೌಂಡರ್, ವಿಎಚ್‌ಎಫ್ ರೇಡಿಯೋ ಬಳಕೆ. ಬಲೆ ಹೆಣೆಯೂದಂತೂ ಜೂನ್‌ದೇ ಕೆಲಸ, ಮಳೆ ಇದ್ರೂ ಹಾಲ್ ಒಳಗೆ ಕುಂತು ಮಾಡಬಹುದು.

ಸಂಯೋಜಕಿ_ಕಾರವಾರ
ಇದು ನಮಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ಔಟ್‌ಬೋರ್ಡ್ ಮೇ ಮೊದಲ ವಾರಕ್ಕೆ, ಜೂನ್‌ಗೆ ಬಲೆ ಮತ್ತು ಉಪಕರಣ. ಔಟ್‌ಬೋರ್ಡ್ ಶಿಬಿರಕ್ಕೆ ಐದು ದಿನದಲ್ಲಿ ಏನೇನು ಹೇಳಿಕೊಡಬೇಕು? ನಮ್ಮ ಕರಡಿನಲ್ಲಿ ಮೊದಲ ಎರಡು ದಿನ ಇಂಜಿನ್ ತತ್ವ, ಟು ಸ್ಟ್ರೋಕ್ ಫೋರ್ ಸ್ಟ್ರೋಕ್ ಅಂತ ಇದೆ.

ಮೆಕ್ಯಾನಿಕ್_ಅಂಕೋಲಾ
ಎರಡು ದಿನ ತತ್ವ ಹೇಳಿದ್ರೆ ಮೂರನೇ ದಿನಕ್ಕೆ ಕುರ್ಚಿ ಮಾತ್ರ ಇರ್ತಾವೆ ಮೇಡಂ. ತತ್ವ ಒಂದು ತಾಸು ಸಾಕು, ಅದೂ ಬಿಚ್ಚಿದ ಇಂಜಿನ್ ಮುಂದೆ.

ಮೊದಲ ದಿನ ತೊಳೆಯೂದರಿಂದ ಶುರು ಮಾಡಿ. ಉಪ್ಪುನೀರಿಂದ ಬಂದ ಇಂಜಿನ್ ಸಿಹಿನೀರಲ್ಲಿ 10ರಿಂದ 15 ನಿಮಿಷ ಓಡಬೇಕು. 200 ಲೀಟರ್ ಡ್ರಮ್ ತಗೊಂಡು ಬಾಯಿ ಪೂರ್ತಿ ಕತ್ತರಿಸಿ, ಇಂಜಿನ್ ಕಾಲು ಒಳಗೆ ಇಳಿಸಿ, ಪ್ರೊಪೆಲ್ಲರ್ ಮೇಲಿರುವ ಅಗಲ ತಗಡು ಮುಳುಗುವಷ್ಟು ನೀರು ತುಂಬಿ. ಪ್ರೊಪೆಲ್ಲರ್ ಬಿಚ್ಚಿಡಿ, ಗೇರ್ ನ್ಯೂಟ್ರಲ್‌ನಲ್ಲೇ ಇರಲಿ. ಹಿಂದಿನ ಸಣ್ಣ ತೂತಿಂದ ನೀರು ಚಿಮ್ಮಬೇಕು. ಚಿಮ್ಮದಿದ್ರೆ ತಕ್ಷಣ ಬಂದ್ ಮಾಡಿ. ಮೊದಲು ತೂತಿಗೆ ತಂತಿ ಹಾಕಿ ನೋಡಿ, ಎಷ್ಟೋ ಸಲ ಉಪ್ಪು ಕಟ್ಟಿ ಅದೇ ಮುಚ್ಚಿರ್ತದೆ. ಆಮೇಲೂ ಬರದಿದ್ರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್.

ಈ ಇಂಪೆಲ್ಲರ್ ಬದಲಿಸೂದೇ ಎರಡನೇ ದಿನದ ಕೆಲಸ, ಪ್ರತಿಯೊಬ್ಬರೂ ಸ್ವಂತ ಕೈಯಿಂದ. ಗೇರ್ ಲಿವರಿನ ಸರಳು ಬಿಚ್ಚೂದು ಮರೆತು ಕೆಳಗಿನ ಭಾಗ ಎಳೆದ್ರೆ ಸರಳು ಬಾಗ್ತದೆ, ಅದನ್ನ ಮೊದಲೇ ಹೇಳಿ. ಹೊಸ ಇಂಪೆಲ್ಲರ್ ಕೂರಿಸುವಾಗ ಎಲೆಗಳು ಶಾಫ್ಟ್ ತಿರುಗುವ ದಿಕ್ಕಿಗೆ ಸರಿಯಾಗಿ ಬಾಗಿರಬೇಕು. ತಾಮ್ರ ಬಣ್ಣದ ಸಣ್ಣ ಕೀಲಿ ಬಿದ್ದುಹೋದ್ರೆ ಪಂಪು ತಿರುಗೂದೇ ಇಲ್ಲ, ಅದಕ್ಕೆ ಕೆಳಗೆ ಬಿಳಿ ಬಟ್ಟೆ ಹಾಸಿ. ನೀರಿಲ್ಲದೆ ಇಂಜಿನ್ ಒಂದು ನಿಮಿಷ ಓಡಿಸಿದ್ರೂ ರಬ್ಬರ್ ಸುಡ್ತದೆ. "ಬರೇ ಚಾಲೂ ಆಗ್ತದಾ ನೋಡ್ತೇನೆ" ಅಂತ ದಡದ ಮೇಲೆ ದಾರ ಎಳೆಯುವವರು ಹಾಳು ಮಾಡೂದು ಇದನ್ನೇ.

ಮೂರನೇ ದಿನ ಗೇರ್ ಆಯಿಲ್. ಕೆಳಗಿನ ಸ್ಕ್ರೂ ಬಿಚ್ಚಿದಾಗ ಆಯಿಲ್ ಹಾಲಿನ ಹಾಗೆ ಬೆಳ್ಳಗಿದ್ರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ. ಸೀಲ್ ಯಾಕೆ ಹೋಗ್ತದೆ? ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಬಲೆಯ ತಂಗೂಸು ದಾರ ಸುತ್ತಿಕೊಂಡು ಒಳಗೆ ಕೊಯ್ತದೆ. ಪ್ರೊಪೆಲ್ಲರ್ ಬಿಚ್ಚಿ ಅಲ್ಲಿ ನೋಡೂದನ್ನ ಕಲಿಸಿ. ಹೊಸ ಆಯಿಲ್ ಮೇಲಿಂದ ಸುರಿಯೂದಲ್ಲ, ಕೆಳಗಿನ ತೂತಿಂದ ಪಂಪು ಮಾಡಿ ಮೇಲಿನ ತೂತಲ್ಲಿ ಬರುವ ತನಕ ತುಂಬಬೇಕು. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ವಾಷರ್ ಹೊಸದೇ ಹಾಕಿ.

ತದಡಿ_ಹುಡುಗ
ಸೀಮೆಎಣ್ಣೆ ಇಂಜಿನ್ನಿಗೆ ಬೇರೆ ಹೇಳಬೇಕಾ?

ಮೆಕ್ಯಾನಿಕ್_ಅಂಕೋಲಾ
ಬೇಕೇ ಬೇಕು. ಪೆಟ್ರೋಲಲ್ಲಿ ಚಾಲೂ ಮಾಡಿ, ಬಿಸಿ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸೂದು ಎಲ್ಲರಿಗೂ ಗೊತ್ತು. ಬಂದ್ ಮಾಡುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸೂದು ತಪ್ಪಿಸ್ತಾರೆ. ಕಾರ್ಬುರೇಟರಲ್ಲಿ ಸೀಮೆಎಣ್ಣೆ ನಿಂತ್ರೆ ಮರುದಿನ ತಣ್ಣಗಿನ ಇಂಜಿನ್ ಎಷ್ಟು ಎಳೆದ್ರೂ ಹಿಡಿಯೂದಿಲ್ಲ, ಪ್ಲಗ್ ಕಪ್ಪಾಗಿ ಒದ್ದೆ ಆಗಿರ್ತದೆ. ಟು ಸ್ಟ್ರೋಕ್ ಆಯಿಲ್ ಅಳತೆ ಆಯಾ ಇಂಜಿನ್ ಪುಸ್ತಕದಲ್ಲಿ ಇದ್ದಷ್ಟೇ. 50ಕ್ಕೆ 1 ಅಂತ ಇದ್ರೆ 10 ಲೀಟರಿಗೆ 200 ಎಂ.ಎಲ್. ಅಳತೆ ಲೋಟ ಇಟ್ಟು ಮಾಡಿಸಿ, ಕಣ್ಣಂದಾಜು ಬೇಡ. ಆಯಿಲ್ ಕಡಿಮೆ ಆದ್ರೆ ಪಿಸ್ಟನ್ ಹಿಡೀತದೆ, ಜಾಸ್ತಿ ಆದ್ರೆ ಪ್ಲಗ್ ಕಟ್ಟತದೆ.

ಹೊನ್ನಾವರ_ಶರಾವತಿ
ದೋಣಿ ಮಗುಚಿ ಇಂಜಿನ್ ಮುಳುಗಿದ್ರೆ ಏನು ಮಾಡಬೇಕು ಅನ್ನೂದನ್ನ ಸೇರಿಸಿ. ಅಳಿವೆ ಬಾಗಿಲಲ್ಲಿ ಮಳೆಗಾಲದಲ್ಲಿ ಆಗುವ ನಷ್ಟದಲ್ಲಿ ಅದು ದೊಡ್ಡದು.

ಮೆಕ್ಯಾನಿಕ್_ಅಂಕೋಲಾ
ನಾಲ್ಕನೇ ದಿನ ಅದೇ. ಮೇಲೆತ್ತಿದ ಕೂಡಲೇ ಸಿಹಿನೀರು ಹಾಕಿ ಹೊರಗೆ ಒಳಗೆ ತೊಳೆಯೂದು, ಪ್ಲಗ್ ಬಿಚ್ಚಿ ಇಂಜಿನ್ ತಲೆಕೆಳಗೆ ಮಾಡಿ ದಾರ ನಿಧಾನ ಎಳೆದು ನೀರು ಹೊರಗೆ ಹಾಕೂದು, ಕಾರ್ಬುರೇಟರ್ ಖಾಲಿ ಮಾಡಿ ಒಣಗಿಸೂದು, ಸಿಲಿಂಡರಿಗೆ ಆಯಿಲ್ ಬಿಟ್ಟು ಅದೇ ದಿನ ಚಾಲೂ ಮಾಡೂದು. ದಾರ ಎಳೆಯುವಾಗ ಗಟ್ಟಿ ಬಂದ್ರೆ ಒತ್ತಾಯ ಬೇಡ, ಒಳಗೆ ಮರಳು ಇರಬಹುದು. ಮೆಕ್ಯಾನಿಕ್ ಕೂಡಲೇ ಸಿಗೂದಿಲ್ಲ ಅಂದ್ರೆ ಇಂಜಿನ್ ಬಿಸಿಲಿಗೆ ಇಡಬೇಡಿ, ಸಿಹಿನೀರಿನ ಡ್ರಮ್ಮಲ್ಲೇ ಮುಳುಗಿಸಿಡಿ. ಗಾಳಿ ತಾಗಿದ ಮೇಲೇ ತುಕ್ಕು ಓಡೂದು. ಇದನ್ನ ಕೇಳಿದವರು ನಂಬೂದಿಲ್ಲ, ಕಾರಣ ಬಿಡಿಸಿ ಹೇಳಬೇಕು.

ಮತ್ತೆ ಇಂಜಿನ್ ಓಡಿಸೂದು ತೆರೆದ ಶೆಡ್ಡಲ್ಲಿ. ಬಾಗಿಲು ಹಾಕಿದ ವರ್ಕ್‌ಶಾಪಲ್ಲಿ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರ್ತದೆ. ಒಂದು ಇಂಜಿನ್ನಿಗೆ ಐದು ಜನಕ್ಕಿಂತ ಹೆಚ್ಚು ಹಾಕಬೇಡಿ, ಆರನೆಯವನು ಬರೇ ನೋಡ್ತಾನೆ.

ಫೈಬರ್_ದೋಣಿ
ಐದನೇ ದಿನ ಫೈಬರ್ ದೋಣಿ ತೇಪೆ ಹಾಕೂದು ಸೇರಿಸಬಹುದಲ್ಲಾ? ಮೇ ಅಂದ್ರೆ ಇನ್ನೂ ಒಣ ಹವೆ. ಜೂನ್‌ನಲ್ಲಿ ಇಟ್ರೆ ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿ ಆಗೂದಿಲ್ಲ, ಮೇಲೆ ಅಂಟು ಅಂಟು ಉಳೀತದೆ, ಒಳಗೆ ಮ್ಯಾಟ್ (ಗಾಜಿನ ನಾರಿನ ಹಾಸು) ಬಿಟ್ಟುಕೊಳ್ತದೆ. ಬಿರುಕಿನ ಸುತ್ತ ಓರೆಯಾಗಿ ಉಜ್ಜಿ, ಅಸಿಟೋನಲ್ಲಿ ಒರೆಸಿ, 450 ಗ್ರಾಂ ಮ್ಯಾಟ್ ಒಂದರ ಮೇಲೊಂದು, ಮೇಲಿನದು ಕೆಳಗಿನದಕ್ಕಿಂತ ಸ್ವಲ್ಪ ಅಗಲ. ರೆಸಿನ್ನಿಗೆ ಹಾರ್ಡ್‌ನರ್ ನೂರಕ್ಕೆ ಒಂದರಿಂದ ಎರಡು ಪಾಲು. ಮೇ ಬಿಸಿಲಲ್ಲಿ ಒಂದರ ಹತ್ತಿರವೇ ಇರಲಿ, ಇಲ್ಲಾಂದ್ರೆ ಡಬ್ಬದಲ್ಲೇ ಗಟ್ಟಿ ಆಗ್ತದೆ.

ಒಂದು ಎಚ್ಚರಿಕೆ ಬೋರ್ಡ್ ಬರೆದು ಗೋಡೆಗೆ ಹಾಕಿ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿ ಆಗೂಕೆ ಹಾಕುವ ದ್ರವ) ಮತ್ತು ಹಾರ್ಡ್‌ನರ್ ನೇರವಾಗಿ ಒಂದೇ ಲೋಟದಲ್ಲಿ ಬೆರೆಸಬಾರದು. ಸ್ಫೋಟ ಆಗ್ತದೆ. ಮೊದಲು ಕೋಬಾಲ್ಟ್ ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್.

ತೋಟಪಟ್ಟಿ_ಶಿರಸಿ
ಕಡಲಿನವರ ಮಾತು ಆಯ್ತು, ಘಟ್ಟದ ಮೇಲಿನವರ ಮಾತೂ ಕೇಳಿ. ದೋಟಿ ತರಬೇತಿ ಫೆಬ್ರವರಿ ಕೊನೆಗೆ ಇಟ್ಟರೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಲು) ಮುಗಿಯುವ ಹೊತ್ತು. ಕಲಿತವನಿಗೆ ಕೆಲಸ ಸಿಗಲು ಮತ್ತೆ ಮದ್ದು ಹೊಡೆಯುವ ಕಾಲವೇ ಬರಬೇಕು. ಅಷ್ಟರಲ್ಲಿ ಕೈ ಮರೆತಿರುತ್ತದೆ. ಕೊಯ್ಲಿಗೆ ಬೇಕೆಂದರೆ ಅಕ್ಟೋಬರ್‌ನಲ್ಲಿ, ಮದ್ದಿಗೆ ಬೇಕೆಂದರೆ ಏಪ್ರಿಲ್ ಕೊನೆ ಅಥವಾ ಮೇನಲ್ಲಿ ಇಡಿ.

ಎರಡನೆಯದು, ಶಿರಸಿಯವರಿಗೆ ತರಬೇತಿ ಅಂತ ಹೇಳಿ ಕಾರವಾರದ ಮೈದಾನದಲ್ಲಿ ಯಾಕೆ? ಮೈದಾನದಲ್ಲಿ ದೋಟಿ ಎತ್ತುವುದು ಯಾರಿಗಾದರೂ ಬರುತ್ತದೆ. ತೋಟದಲ್ಲಿ ಮರ ಮರದ ನಡುವೆ, ಮೇಲೆ ಹೆಡೆಗಳು (ಸೋಗೆಗಳು) ಒಂದಕ್ಕೊಂದು ಹೆಣೆದುಕೊಂಡಿರುವಾಗ, ಕಾಲ ಕೆಳಗೆ ಕಾದಿಗೆ (ನೀರು ಹರಿಯುವ ಕಾಲುವೆ) ಇರುವಾಗ, 50 ಅಡಿ ಮೇಲಿನ ಕೊನೆಯ ಬುಡಕ್ಕೆ ಕತ್ತಿ ಸಿಕ್ಕಿಸುವುದು ಕಲಿಯಬೇಕಾದ ವಿದ್ಯೆ. ಶಿರಸಿ ಹತ್ತಿರ ಯಾರದ್ದಾದರೂ ತೋಟದಲ್ಲೇ ಮಾಡಿ.

ದೇವಿಮನೆ_ಘಟ್ಟ
ಭಾವಯ್ಯ ಹೇಳಿದ್ದು ಸರಿ. ಶಿರಸಿಯಿಂದ ಕುಮಟಾಕ್ಕೇ 60 ಕಿ.ಮೀ. ಹತ್ತಿರ, ಅಲ್ಲಿಂದ ಕಾರವಾರ ಮತ್ತಷ್ಟು ದೂರ. ಮೂರು ದಿನ ಹೋಗಿ ಬರುವುದು ಆಗದ ಮಾತು, ಉಳಿಯಲು ವ್ಯವಸ್ಥೆ ಬೇಕು.

ಲೈನ್‌ಮನ್_ಸಿದ್ದಾಪುರ
ದೋಟಿ ವಿಷಯದಲ್ಲಿ ಒಂದೇ ಮಾತು: ಕಾರ್ಬನ್ ಫೈಬರ್‌ನಲ್ಲಿ ಕರೆಂಟು ಹರಿಯುತ್ತದೆ. "ಫೈಬರ್" ಅಂತ ಹೆಸರು ಕೇಳಿ ಪ್ಲಾಸ್ಟಿಕ್ ಹಾಗೆ ಅಂದುಕೊಳ್ಳುತ್ತಾರೆ. ಮೊದಲ ತಾಸಿನಲ್ಲೇ ಇದನ್ನು ಹೇಳಬೇಕು. ತೋಟ ಆರಿಸುವಾಗ ಮೇಲೆ 11 ಕೆ.ವಿ. ಲೈನ್ ಹಾದುಹೋಗಿಲ್ಲ ಅಂತ ಹಿಂದಿನ ದಿನವೇ ನಡೆದು ನೋಡಿ. ಲೈನಿಗೆ ದೋಟಿ ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರುತ್ತದೆ. ದೋಟಿ ಹಿಡಿದವನು ತಲೆ ಎತ್ತಿ ಕೊನೆ ನೋಡುತ್ತಿರುತ್ತಾನೆ, ತಂತಿ ಕಾಣುವುದಿಲ್ಲ. ಹಾಗಾಗಿ ಜೊತೆಗೆ ಒಬ್ಬ ಕಾವಲಿಗೆ ಇರಲಿ, ಅವನ ಕೆಲಸ ದೋಟಿಯ ತುದಿ ನೋಡುವುದು ಮಾತ್ರ. ಜೋಡಿಸಿದ ದೋಟಿಯನ್ನು ನೆಟ್ಟಗೆ ಹಿಡಿದು ರಸ್ತೆ ದಾಟಬಾರದು, ಮಡಿಸಿಯೇ ಒಯ್ಯಬೇಕು.

ತೋಟಪಟ್ಟಿ_ಶಿರಸಿ
ಬೋರ್ಡೋ ವಿಷಯ ನೋಡಿ ಬೇಸರವಾಯಿತು. ಜೂನ್ ಕೊನೆಗೆ ಕಲಿಸಿದರೆ ಆ ವರ್ಷದ ಮೊದಲ ಸಿಂಪಡಣೆ ತಪ್ಪಿದ ಹಾಗೇ. ಕೊಳೆರೋಗಕ್ಕೆ ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಬೀಳಬೇಕು, ಎರಡನೆಯದು 40-45 ದಿನ ಬಿಟ್ಟು. ಮೇ ಎರಡನೇ ವಾರ ಇಡಿ.

ಹೊಸಬಿ_ತೋಟ
ನಾವು ಈ ವರ್ಷ ಮೊದಲ ಸಲ ಸ್ವತಃ ಮಾಡಬೇಕು ಅಂತಿದ್ದೇವೆ. ತರಬೇತಿಯಲ್ಲಿ ಹೇಳಿಕೊಡುವುದು ಶೇಕಡಾ 1ರದ್ದೇ ಅಲ್ಲವಾ? ಪ್ಯಾಕೆಟ್ ಮದ್ದು ಸಿಗುವಾಗ ಇದರಲ್ಲಿ ಕಲಿಯಲು ಮೂರು ತಾಸು ಏನಿದೆ?

ತೋಟಪಟ್ಟಿ_ಶಿರಸಿ
ಶೇಕಡಾ 1ರದ್ದೇ ತಂಗಿ. 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಒಳ್ಳೆ ಸುಣ್ಣ, 100 ಲೀಟರ್ ನೀರು. ಅಳತೆ ಅಷ್ಟೇ, ತಪ್ಪುವುದು ಬೆರೆಸುವಾಗ. ಮೈಲುತುತ್ತ 50 ಲೀಟರ್ ನೀರಿನಲ್ಲಿ ಬೇರೆ, ಸುಣ್ಣ 50 ಲೀಟರ್‌ನಲ್ಲಿ ಬೇರೆ ಕರಗಿಸಬೇಕು. ಪ್ಲಾಸ್ಟಿಕ್ ಬ್ಯಾರೆಲ್ ಅಥವಾ ಮಣ್ಣಿನ ಪಾತ್ರೆ ಮಾತ್ರ, ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಹಾಕಿದರೆ ತಾಮ್ರ ಡ್ರಮ್ಮಿಗೇ ಅಂಟುತ್ತದೆ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ತಾನೇ ಕರಗುತ್ತದೆ, ತಳಕ್ಕೆ ಹಾಕಿದರೆ ಗಂಟೆಗಟ್ಟಲೆ ಕದಡಬೇಕು. ಸುಣ್ಣದ ತಿಳಿಯನ್ನು ಸೋಸಲೇಬೇಕು, ಇಲ್ಲದಿದ್ದರೆ ನಾಝಲ್ ಕಟ್ಟಿ ಮರದ ತುದಿಯಲ್ಲಿ ಕೂತವನಿಗೆ ತೊಂದರೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕದಡಬೇಕು.

ತಯಾರಾದ ಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವುದು. ಕೆಂಪು ಬಣ್ಣ ಹಿಡಿದರೆ ತಾಮ್ರ ಬಿಡುವಾಗಿ ಉಳಿದಿದೆ, ಹೊಡೆದರೆ ಎಳೆ ಕಾಯಿ ಸುಡುತ್ತದೆ. ಚೂರಿ ಹಾಗೇ ಇರುವ ತನಕ ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಬೇಕು. ಹಳೇ ಸುಣ್ಣವಾದರೆ ಒಂದು ಕೆ.ಜಿ. ಸಾಲುವುದಿಲ್ಲ. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು, ರಾತ್ರಿ ಇಟ್ಟರೆ ತಳ ಕೂತು ಅಂಟುವ ಗುಣ ಹೋಗುತ್ತದೆ. ಈಗ ಹೇಳು, ಮೂರು ತಾಸು ಸಾಕಾ?

ಹೊಸಬಿ_ತೋಟ
ಸಾಲದು. ಮೇ ತಿಂಗಳಲ್ಲಿ ಇಟ್ಟರೆ ನಮ್ಮೂರಿಂದ ನಾಲ್ಕು ಮನೆಯವರು ಬರ್ತೇವೆ.

ದೇವಿಮನೆ_ಘಟ್ಟ
ಕೊನೆಗೌಡರನ್ನೂ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು) ಕರೆಯಿರಿ, ಬರೀ ತೋಟದ ಮಾಲೀಕರನ್ನಲ್ಲ. ಮದ್ದು ಹೊಡೆಯುವವರು ಅವರು. ಅವರು ಬಂದರೆ ಆ ದಿನದ ಮಜೂರಿ ತಪ್ಪುತ್ತದೆ, ಅದಕ್ಕೆ ಭತ್ಯೆ ಕೊಡಲು ಸಾಧ್ಯವಾ ನೋಡಿ. ತೆಂಗಿನ ಮರ ಹತ್ತುವವರಾದರೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯ ಅರ್ಜಿ ಅಲ್ಲೇ ತುಂಬಿಸಬಹುದು.

ಅಧ್ಯಾಪಕ_ಕುಮಟಾ
ಉದ್ಯೋಗ ಮೇಳ ಮಾರ್ಚ್ ಎರಡನೇ ವಾರ ಬೇಡ. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ಕಾಲ. ನಿಮ್ಮ ಕಟ್ಟಡ ಪರೀಕ್ಷಾ ಕೇಂದ್ರವಾದರೆ ಸುತ್ತ 200 ಮೀಟರ್ ನಿಷೇಧಾಜ್ಞೆ, ಝೆರಾಕ್ಸ್ ಅಂಗಡಿಯೂ ಬಂದ್. ಬಯೋಡೇಟಾ ಪ್ರತಿ ಎಲ್ಲಿ ತೆಗೆಸುತ್ತಾರೆ?

ಶಿರಸಿ_ಪೇಟೆ
ಜೊತೆಗೆ ಜಾತ್ರೆ ವರ್ಷ ಹೌದಾ ಅಲ್ಲವಾ ನೋಡಿಕೊಳ್ಳಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ಮಾರ್ಚ್‌ನಲ್ಲಿ ಆಯ್ತು, ಮುಂದಿನವೂ ಸರಿಸಂಖ್ಯೆಯ ವರ್ಷಗಳಲ್ಲೇ ಬರ್ತವೆ. ಒಂಬತ್ತು ದಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾರೂ ಬೇರೆ ಕಾರ್ಯಕ್ರಮಕ್ಕೆ ಬರುವುದಿಲ್ಲ. ಬಸ್ಸುಗಳೂ ಎಲ್ಲಾ ಜಾತ್ರೆಗೆ ತಿರುಗಿರ್ತವೆ.

ಗಜನಿ_ಗದ್ದೆ
ಕಾಂಡ್ಲಾ ನೆಡುವುದು ಜುಲೈನಲ್ಲಿ ಸರಿಯಾಗೇ ಇದೆ, ಬೀಜದ ಕೋಲು ಮಳೆಗಾಲದಲ್ಲೇ ಬಲಿತು ಬೀಳೂದು. ಆದ್ರೆ ಎಲ್ಲಿ ನೆಡ್ತೀರಿ? ಫೋಟೋಕ್ಕೆ ಚೆಂದ ಕಾಣ್ತದೆ ಅಂತ ಇಳಿತದಲ್ಲಿ ಮಾತ್ರ ತೆರೆದುಕೊಳ್ಳುವ ತಗ್ಗು ಕೆಸರಲ್ಲಿ ನೆಟ್ರೆ, ದಿನದ ಹೆಚ್ಚು ಹೊತ್ತು ಮುಳುಗಿ ಸಾಯ್ತದೆ, ಉಳಿದದ್ದಕ್ಕೆ ಬಾರ್ನಕಲ್ ಹತ್ತಿ ಬಗ್ಗಿಸ್ತದೆ. ಹಳೇ ಕಾಂಡ್ಲಾ ಎಲ್ಲಿ ತನಕ ಬೆಳೆದಿದೆ ನೋಡಿ, ಅದೇ ಎತ್ತರದಲ್ಲಿ ನೆಡಿ. ಕೋಲಿನ ಮೂರರಲ್ಲಿ ಒಂದು ಪಾಲು ಕೆಸರೊಳಗೆ ಹೋಗಬೇಕು, ಮೊನಚು ತುದಿ ಕೆಳಗೆ. ನರ್ಸರಿ ಗಿಡವಾದ್ರೆ ಪ್ಲಾಸ್ಟಿಕ್ ಚೀಲ ಹರಿದು ತೆಗೆದೇ ನೆಡಬೇಕು, ಚೀಲಗಳನ್ನ ಎಣಿಸಿ ವಾಪಸ್ ತರಬೇಕು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಬರೆದು ಪಡೆಯಿರಿ.

ಮತ್ತೆ ಮಣಿಕಟ್ಟಾ ಕಡೆಯ ಕಗ್ಗ ಭತ್ತ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಉಪ್ಪುನೀರು ತಡೆಯುವ ಭತ್ತ, ಗೊಬ್ಬರ ಮದ್ದು ಬೇಡ. ಮಳೆ ಬಿದ್ದು ಗಜನಿಯ (ಹಿನ್ನೀರಿನ ಉಪ್ಪುಗದ್ದೆ) ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತೂದು. ಆ ಹೊತ್ತಿಗೆ ಒಂದು ದಿನ ವಿದ್ಯಾರ್ಥಿಗಳನ್ನ ಕರ್ಕೊಂಡು ಬನ್ನಿ, ಕಟ್ಟೆಯ ಗೇಟು ಯಾವಾಗ ತೆರೀಬೇಕು ಯಾವಾಗ ಹಾಕಬೇಕು ಅನ್ನೂದು ನೋಡಿದ್ರೆ ಮಾತ್ರ ತಿಳಿಯೂದು.

ಅಂಕೋಲಾ_ಮಾವು
ಮೇ ಅಂದ್ರೆ ಕರಿ ಇಶಾಡ್ ಮಾವಿನ ಕಾಲ. 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ಇಡೂಕೆ ಆಗೂದಿಲ್ಲ. ತಿರುಳು ತೆಗೆದು ಇಡುವ ತರಬೇತಿ ಮಹಿಳಾ ಸಂಘದವರಿಗೆ ಕೊಟ್ರೆ ಜನ ತುಂಬ್ತಾರೆ. ಶಕ್ತಿ ಯೋಜನೆಯಲ್ಲಿ ಬಸ್ಸು ಹೇಗೂ ಉಚಿತ, ಗುರುತಿನ ಚೀಟಿ ತರೂಕೆ ನೋಟಿಸಲ್ಲೇ ಬರೆದುಬಿಡಿ.

ಪದವಿ_ವಿದ್ಯಾರ್ಥಿ
ಈ ಐದು ದಿನದ ಶಿಬಿರದ ಸರ್ಟಿಫಿಕೇಟ್‌ಗೆ ಕ್ರೆಡಿಟ್ ಸಿಗುತ್ತಾ?

ಅಧ್ಯಾಪಕ_ಕುಮಟಾ
ಇಲ್ಲ. ಯುಜಿಸಿಯ ಸಮುದಾಯ ಕಾಲೇಜು ಚೌಕಟ್ಟಿನಲ್ಲಿ ಆರು ತಿಂಗಳ ಸರ್ಟಿಫಿಕೇಟ್‌ಗೆ 30 ಕ್ರೆಡಿಟ್: ಕೌಶಲಕ್ಕೆ 18, ಸಾಮಾನ್ಯ ಶಿಕ್ಷಣಕ್ಕೆ 12. ಒಂದು ಕ್ರೆಡಿಟ್ ಎಂದರೆ 60 ನಿಮಿಷದ 15 ಅವಧಿ. ಐದು ದಿನದ್ದು ಹಾಜರಾತಿ ಪತ್ರ ಮಾತ್ರ. ನೋಟಿಸಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ. ಕ್ರೆಡಿಟ್ ಆಸೆಗೆ ಅರ್ಜಿ ಹಾಕಿ, ವಿಷಯ ತಿಳಿದ ಮೇಲೆ ಬಾರದವರು ಎಷ್ಟೋ ಜನ ಇರುತ್ತಾರೆ.

ತದಡಿ_ಹುಡುಗ
ಸರ್, ಮೀನುಗಾರ ಹುಡುಗರಿಗೆ ಕ್ರೆಡಿಟ್ ಬೇಡ, ಸರ್ಟಿಫಿಕೇಟ್ ಬೇಕು. ಹೊರದೇಶದ ಕೆಲಸಕ್ಕೆ ಹೋಗುವಾಗ ಏನು ಕಲಿತಿದ್ದೀಯ ಅಂತ ಕೇಳ್ತಾರೆ. ಬರೇ "ಭಾಗವಹಿಸಿದ್ದಾರೆ" ಅಂತ ಬರೆಯೂದರ ಬದಲು "ನೀರಿನ ಪಂಪು ಬದಲಾವಣೆ, ಗೇರ್ ಆಯಿಲ್, ಕಾರ್ಬುರೇಟರ್ ಶುದ್ಧೀಕರಣ ಸ್ವತಃ ಮಾಡಿದ್ದಾರೆ" ಅಂತ ಬರೆದ್ರೆ ಉಪಯೋಗ.

ಅಧ್ಯಾಪಕ_ಕುಮಟಾ
ಇದು ಒಳ್ಳೆಯ ಮಾತು. ಹಿಂಬದಿಯಲ್ಲಿ ಕೆಲಸಗಳ ಪಟ್ಟಿ, ಪ್ರತಿಯೊಂದರ ಮುಂದೆ ತರಬೇತುದಾರರ ಸಹಿ.

ಹೊನ್ನಾವರ_ಶರಾವತಿ
ಜೂನ್ ಜುಲೈನ ಯಾವುದೇ ಕಾರ್ಯಕ್ರಮಕ್ಕೆ ಬದಲಿ ದಿನ ಮೊದಲೇ ಅಚ್ಚು ಹಾಕಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟು ದಿನ ಬಂದ್ ಇತ್ತು ಎಲ್ಲರಿಗೂ ನೆನಪಿದೆ. ರೆಡ್ ಅಲರ್ಟ್ ಬಂದ್ರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸ್ತಾರೆ, ಕೆಲವು ಸಲ ಹಿಂದಿನ ರಾತ್ರಿ.

ಸದಾಶಿವಗಡ_ಕಡೆ
ಹೌದು. ಅದೇ ವರ್ಷ ಆಗಸ್ಟ್ 7ರಂದು ಕಾಳಿಯ ಹಳೇ ಸೇತುವೆಯೂ ಬಿತ್ತು. ಮಳೆಗಾಲದಲ್ಲಿ ನಮ್ಮ ಕಡೆಯವರಿಗೆ ಸಂಜೆ 4 ಗಂಟೆಗೇ ಬಿಡಿ. ರೈಲಿನಲ್ಲಿ ಬರುವವರಿಗೂ ಹೇಳಿ, ಕಾರವಾರ ಸ್ಟೇಶನ್ ಇರೂದು ಶಿರವಾಡದಲ್ಲಿ, ಪೇಟೆಗೆ ರಿಕ್ಷಾ ಬೇಕು.

ಬೈತಖೋಲ_ಬಂದರ
ನೋಟಿಸು ಎಲ್ಲಿ ಹಾಕ್ತೀರಿ ಅನ್ನೂದೂ ಮುಖ್ಯ. ಕಾಲೇಜಿನ ಫಲಕದಲ್ಲಿ ಹಾಕಿದ್ರೆ ನಾಡದೋಣಿಯವ ಓದೂದಿಲ್ಲ. ಐಸ್ ಪ್ಲಾಂಟ್, ಮೀನು ಇಳಿಸುವ ಧಕ್ಕೆ, ಸೊಸೈಟಿ, ಪಡಿತರ ಅಂಗಡಿ. ವಾಟ್ಸಾಪಿಗೆ ಚಿತ್ರ ಕಳಿಸೂದಕ್ಕಿಂತ ಒಂದು ನಿಮಿಷದ ಧ್ವನಿ ಸಂದೇಶ, ಕನ್ನಡದಲ್ಲಿ ಒಂದು, ಕೊಂಕಣಿಯಲ್ಲಿ ಒಂದು. ಕಾರವಾರದಲ್ಲಿ ಭಾನುವಾರ ಸಂತೆ, ಆ ದಿನ ತರಬೇತಿ ಇಡಬೇಡಿ, ಅಲ್ಲಿ ಹೋಗಿ ಪ್ರಚಾರ ಮಾಡಿ.

ಸಂಯೋಜಕಿ_ಕಾರವಾರ
ಎಲ್ಲರಿಗೂ ಧನ್ಯವಾದ. ನೀಲಿಕಲ್ಲು ಮೂರು ಭಾಗ, ನವೆಂಬರ್ ಕೊನೆಯಿಂದ. ಬೋರ್ಡೋ ಮತ್ತು ದೋಟಿ ಎರಡೂ ಮೇ ಎರಡನೇ ವಾರ, ಶಿರಸಿ ಹತ್ತಿರದ ತೋಟದಲ್ಲಿ. ಔಟ್‌ಬೋರ್ಡ್ ಮೇ ಮೊದಲ ವಾರ. ಉದ್ಯೋಗ ಮೇಳದ ದಿನ ಪರೀಕ್ಷಾ ವೇಳಾಪಟ್ಟಿ ಬಂದ ಮೇಲೆ. ಉಳಿದದ್ದಕ್ಕೆ ಸಭೆಯಲ್ಲಿ ಕೇಳಿ ಬರ್ತೇನೆ. ಔಟ್‌ಬೋರ್ಡ್‌ಗೆ 20 ಜನ ಅಂತ ಇಟ್ಟುಕೊಂಡರೆ ಸಾಮಾನು ಎಷ್ಟು ಬೇಕು? ನಾಳೆ ಖರೀದಿ ಪಟ್ಟಿ ಕೊಡಬೇಕು.

ಮೆಕ್ಯಾನಿಕ್_ಅಂಕೋಲಾ
20 ಜನಕ್ಕೆ ನಾಲ್ಕು ಇಂಜಿನ್. ಅದರಲ್ಲಿ ಒಂದು ಸೀಮೆಎಣ್ಣೆಯದು, ಒಂದು ಫೋರ್ ಸ್ಟ್ರೋಕ್ ಇರಲಿ. ಎರಡು ಡ್ರಮ್, ನಾಲ್ಕು ಮರದ ಸ್ಟ್ಯಾಂಡ್, ಇಂಪೆಲ್ಲರ್ ಕಿಟ್ ನಾಲ್ಕು ಮತ್ತು ಹೆಚ್ಚಿಗೆ ಎರಡು, ಗೇರ್ ಆಯಿಲ್ ಮತ್ತು ತುಂಬುವ ಪಂಪು, ಡ್ರೈನ್ ವಾಷರ್ ಒಂದು ಡಜನ್, ಪ್ಲಗ್ ಎಂಟು, ಫೀಲರ್ ಗೇಜ್, ಕಂಪ್ರೆಷನ್ ಗೇಜ್, ಟಾರ್ಕ್ ರೆಂಚ್, ಇಂಪ್ಯಾಕ್ಟ್ ಸ್ಕ್ರೂಡ್ರೈವರ್. ಉಪ್ಪು ಹಿಡಿದ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಹಿಡಿದುಕೊಂಡಿರ್ತದೆ, ಒತ್ತಿದ್ರೆ ತಲೆ ಮುರೀತದೆ, ಅದಕ್ಕೆ ಪೆನೆಟ್ರೇಟಿಂಗ್ ಆಯಿಲ್ ಹಿಂದಿನ ರಾತ್ರಿಯೇ ಬಿಟ್ಟಿಡಿ. ಸತುವಿನ ಆನೋಡ್ (ಇಂಜಿನ್ ಬದಲು ತಾನು ಕರಗುವ ತುಂಡು) ನಾಲ್ಕು ತನ್ನಿ, ಅರ್ಧ ಕರಗಿದ್ದು ಕಂಡ್ರೆ ಬದಲಿಸೂದು, ಅದಕ್ಕೆ ಪೇಂಟ್ ಮಾತ್ರ ಹಚ್ಚಬಾರದು. ಪೆಟ್ರೋಲ್ ಶೆಡ್ಡಿನ ಹೊರಗೆ ನೆರಳಲ್ಲಿ ಇರಲಿ, ಪಕ್ಕದಲ್ಲಿ ಒಣಪುಡಿಯ ಅಗ್ನಿಶಾಮಕ ಮತ್ತು ಎರಡು ಬಕೆಟ್ ಮರಳು.

ಸಂಯೋಜಕಿ_ಕಾರವಾರ
ನಮ್ಮ ಶೆಡ್ಡಿನ ನಲ್ಲಿಯಲ್ಲಿ ಬೋರ್‌ವೆಲ್ ನೀರು, ಸ್ವಲ್ಪ ಉಪ್ಪು ಇದೆ. ಡ್ರಮ್ಮಿಗೆ ನಡೀತದಾ?

ಮೆಕ್ಯಾನಿಕ್_ಅಂಕೋಲಾ
ಇಂಪೆಲ್ಲರ್ ಪರೀಕ್ಷೆಗೆ ನಡೀತದೆ. ಕೊನೆಯ ತೊಳೆತಕ್ಕೆ ಬೇಡ, ಆ ದಿನಕ್ಕೆ ಬಾವಿ ನೀರಿನ ಟ್ಯಾಂಕರ್ ಹೇಳಿಡಿ. ಎರಡು ಡ್ರಮ್ಮಿಗೆ 400 ಲೀಟರ್, ನೀರು ಬಿಸಿ ಆದಾಗ ಬದಲಿಸೂಕೆ ಇನ್ನಷ್ಟು. 1000 ಲೀಟರ್ ಇದ್ರೆ ಸಾಕು.